ಬೆಂಚಿಗೆ ಕಟ್ಟಿದ ದಿನ

ಆ ದಿನ ಮಗಳ ಟಿಫಿನ್ ಡಬ್ಬಿ ಮನೆಯಲ್ಲೇ ಉಳಿದಿತ್ತು. ಹಾಲು ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋಗುವುದು, ಅದನ್ನೂ ಅರ್ಧಕ್ಕೆ ಬಿಟ್ಟು ಇನ್ನೇನಕ್ಕೋ ಕೈಹಾಕುವುದು ನನಗೆ ಚಿಕ್ಕಂದಿನಿಂದ ಇದ್ದದ್ದೇ. ಡಬ್ಬಿ ಕಣ್ಣಿಗೆ ಬಿದ್ದಾಗ ಮಧ್ಯಾಹ್ನ. ಶಹಾಬಾದಿನ ಬಿಸಿಲಲ್ಲಿ ಶಾಲೆಗೆ ನಡೆದೆ.

ಊಟದ ಬಿಡುವು. ಮಕ್ಕಳೆಲ್ಲ ಅಂಗಳದಲ್ಲಿದ್ದರು. ಮೂರನೇ ತರಗತಿಯ ಕೋಣೆಯಲ್ಲಿ ನನ್ನ ಮಗಳೊಬ್ಬಳೇ ಕೂತಿದ್ದಳು. ಅವಳ ಸೊಂಟಕ್ಕೆ ಟೀಚರು ತಮ್ಮ ವೇಲು ಸುತ್ತಿ, ಹಿಂದಿನಿಂದ ಬೆಂಚಿಗೆ ಗಂಟು ಹಾಕಿದ್ದರು. ಲಂಗ ಒದ್ದೆಯಾಗಿ, ಉಚ್ಚೆ ಕಾಲಡಿಯ ಹಾಸುಗಲ್ಲಿನ ಮೇಲೂ ಹರಿದಿತ್ತು.

"ಅವ್ವಾ, ಇವತ್ತ ನಾ ಒಂದ್ಸಲಾನೂ ಎದ್ದಿಲ್ಲ," ಅಂದಳು. ಮುಖದಲ್ಲಿ ಹೆಮ್ಮೆಯಿತ್ತು.

ಗಂಟು ಕೈಯಿಂದ ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಅಷ್ಟರಲ್ಲಿ ಟೀಚರು ಓಡಿ ಬಂದರು. ತೀರ ಚಿಕ್ಕ ವಯಸ್ಸಿನವರು.

"ಸಿಟ್ಟಿಗೇಳಬ್ಯಾಡ್ರಿ ಅಕ್ಕಾ. ಸಡಿಲೇ ಕಟ್ಟೀನ್ರಿ. ಈಕಿ ಒಂದ್ ಕಡಿ ಕುಂದ್ರಂಗಿಲ್ಲ. ಉಳಿದ ಹುಡುಗ್ರಿಗೂ ಕಲಿಸಬೇಕಲ್ರಿ?"

"ಒಂದಕ್ಕ ಹೋಗ್ತೀನಿ ಅಂತ ಕೇಳಿರಬೇಕಲ್ರಿ ಆಕಿ?"

"ದಿನಾ ಅದೇ ನೆಪ ಹೇಳ್ತಾಳ್ರಿ," ಅಂದು ತಲೆ ತಗ್ಗಿಸಿದರು.

ಮಗಳ ಚೀಲ ಎತ್ತಿಕೊಂಡು ಬಂದವಳು ಮತ್ತೆ ಆ ಶಾಲೆಗೆ ಅವಳನ್ನು ಕಳಿಸಲಿಲ್ಲ.

ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ರಜೆ ಹಾಕಿ ನಮ್ಮಿಬ್ಬರನ್ನೂ ಕಲಬುರಗಿಗೆ ಕರೆದೊಯ್ದರು. ವೈದ್ಯೆ ಮಗಳೊಂದಿಗೆ ಬಹಳ ಹೊತ್ತು ಮಾತಾಡಿ, ಇದು ಹಠವಲ್ಲ, ಎಡಿಎಚ್‌ಡಿ ಎಂಬ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಮಗು ಬೇಕೆಂದು ಮಾಡುವುದಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ, "ಮನ್ಯಾಗ ಮತ್ಯಾರಿಗಾದ್ರೂ ಹಿಂಗ ಅದ ಏನ್ರಿ?" ಎಂದು ಕೇಳಿದರು. ಗಂಡ ನನ್ನ ಕಡೆ ನೋಡಿದರು. ಮುಂದಿನ ಭೇಟಿಗಳಲ್ಲಿ ನನಗೂ ಅದೇ ಇದೆಯೆಂದು ಗೊತ್ತಾಯಿತು. ನನಗೆ ಸಮಾಧಾನವೇನೂ ಆಗಲಿಲ್ಲ. ಚಿಕ್ಕಂದಿನಲ್ಲಿ ತಿಂದ ಏಟುಗಳೆಲ್ಲ ವಿನಾಕಾರಣ ಬಿದ್ದಿದ್ದವು ಅನಿಸಿತು.

ಅದು ಗೊತ್ತಾದ ದಿನ ವಾಪಸ್ ಬರುವಾಗ ರೈಲಿನಲ್ಲಿ ಗಂಡ ಮೆಲ್ಲಗೆ ಹೇಳಿದರು: "ನಮ್ಮೂರು ಭಂಕೂರಾಗ ನಮ್ಮ ಮಂದಿ ಮುಂದ ಹೇಳಬ್ಯಾಡ. ತಾಯಿ ಮಗಳು ಇಬ್ಬರಿಗೂ ಹುಚ್ಚ ಅಂತಾರ."

ಈಗ ಮಗಳು ಸರಕಾರಿ ಶಾಲೆಗೆ ಹೋಗುತ್ತಾಳೆ. ಅಲ್ಲಿಯ ಟೀಚರು ನಿಂತು ಬರೆಯಲು ಬಿಡುತ್ತಾರೆ. ವೈದ್ಯೆ ಬರೆದುಕೊಟ್ಟ ಗುಳಿಗೆ ತಿಂದರೆ ಸಂಜೆಯವರೆಗೆ ಗಮನ ಒಂದು ಕಡೆ ನಿಲ್ಲುತ್ತದೆ. ಕೆಲವೊಮ್ಮೆ ಆ ಗುಳಿಗೆ ಕಲಬುರಗಿಯಲ್ಲೂ ಸಿಗುವುದಿಲ್ಲ. ಅಂಥ ಒಂದು ಸಂಜೆ ಲೆಕ್ಕ ಬರೆಯಲಾಗದೆ ಅತ್ತು, ಒಳಗಿನಿಂದ ನನ್ನ ಸೀರೆಯೊಂದನ್ನು ಎಳೆದು ತಂದಳು.

"ಅವ್ವಾ, ಕುರ್ಚಿಗಿ ಕಟ್ಟು. ಅಂದ್ರ ಬರೀತೀನಿ."

ಸೀರೆ ಕಸಿದುಕೊಂಡು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ನಿನಗಿದ್ದದ್ದೇ ನನಗೂ ಅದ. ಕಟ್ಟಿದ್ರ ಹೋಗಂಗಿಲ್ಲ," ಅಂದೆ.

ಅವಳು ಅಳು ನಿಲ್ಲಿಸಿದಳು. "ನಿನ್ನ ಯಾರ್ ಕಟ್ಟಿದ್ರು?"

"ಯಾರೂ ಕಟ್ಟಿಲ್ಲ. ಸಾಲೀನೇ ಬಿಡಿಸಿದ್ರು."

ಆಗ ನಾನು ಏಳನೇ ತರಗತಿ. ಹೊರಗಿನಿಂದ ಪರೀಕ್ಷೆಗೆ ಕೂತು ಹತ್ತನೆಯದು ಪಾಸು ಮಾಡುವಷ್ಟರಲ್ಲಿ ಮದುವೆಯಾಗಿತ್ತು. ಅಷ್ಟನ್ನು ಹೇಳಲಿಲ್ಲ.

"ನನ್ನೂ ಬಿಡಸ್ತೀರೇನು?" ಎಂದಳು.

"ಇಲ್ಲ," ಅಂದೆ. ಅವಳು ನಂಬಿದಂತೆ ಕಾಣಲಿಲ್ಲ.