ಮಗ್ಗದ ಸದ್ದಿಗೆ ಕಲಿತ ಮಾತು

ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಮಗ್ಗಗಳು ನಿಲ್ಲುವುದೇ ಅಪರೂಪ. ಆ ಗಣರಾಜ್ಯೋತ್ಸವದ ಸಂಜೆ ಆರಕ್ಕೆ ಎಲ್ಲವೂ ನಿಂತಿದ್ದವು. ಶಾಲೆಯಲ್ಲಿ ನಾಟಕ. ಬೆಂಚಿನ ಮೇಲೆ ಅಪ್ಪ, ಅಮ್ಮ, ನಾನು. ಮುಂದಿನ ಕುರ್ಚಿಗಳಲ್ಲಿ ಹೆಡ್‌ಮಾಸ್ಟರು ಮತ್ತು ಹಾರ ಹಾಕಿಸಿಕೊಂಡ ಅತಿಥಿ. ರಂಗದ ಮೇಲೆ ಈಟಿ ಹಿಡಿದ ನನ್ನ ತಂಗಿ ಲಲಿತ.

ಲಲಿತಳಿಗೆ ಬುದ್ಧಿ ನಿಧಾನ, ಮಾತು ಇನ್ನೂ ನಿಧಾನ. ನೆಂಟರು ಬಂದರೆ ನೂಲಿನ ಮೂಟೆಯ ಹಿಂದೆ ಅಡಗುತ್ತಿದ್ದಳು. ಕನ್ನಡ ಮೇಷ್ಟ್ರು ಅವಳಿಗೆ ಕಾವಲುಗಾರನ ಪಾತ್ರ ಕೊಟ್ಟರು. ಎಣ್ಣೆ, ಬಣ್ಣದ ವಾಸನೆಯ ನಡುವೆ ಅಮ್ಮ ಅವಳನ್ನು ದಿನವೂ ಮಗ್ಗದ ಪಕ್ಕ ನಿಲ್ಲಿಸಿ, ಅದರ ಬಡಿತಕ್ಕೆ ಒಂದೊಂದೇ ಪದ ಹೇಳಿಸಿದಳು: "ಪ್ರಭು, ಶತ್ರುಗಳು ಬಾಗಿಲಿಗೆ ಬಂದರು!" ಸಂಕ್ರಾಂತಿಯ ಹೊತ್ತಿಗೆ ಲಲಿತ ಒಬ್ಬಳೇ ಅಂಗಡಿಗೆ ಹೋಗಿ "ಬೆಲ್ಲ ಕೊಡಿ" ಎಂದು ಕೇಳಿ ತಂದಳು.

ಸದ್ದಿಲ್ಲದ ಕಡೆ ಹೇಳಿಸಿ ನೋಡಬೇಕೆಂದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ರಂಗದ ಮೇಲೆ ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ.

"ಇಂಥವ್ರನ್ನೆಲ್ಲ ಯಾಕ್ರೀ ಸ್ಟೇಜ್ ಹತ್ತಿಸ್ತೀರಾ?" ಅತಿಥಿ ನಕ್ಕರು. ಹೆಡ್‌ಮಾಸ್ಟರು ಪರದೆ ಎಳೆಯಲು ಕೈ ಮಾಡಿದರು.

"ತಾಳಿ ಸ್ವಾಮಿ!" ಎಂದ ಅಮ್ಮ ಬೆಂಚನ್ನು ಮಗ್ಗದ ಲಯಕ್ಕೆ ಬಡಿಯತೊಡಗಿದಳು. "ಹೇಳು ಕಣವ್ವ!"

ಲಲಿತ ಕೂಗಿದಳು. ಮಗ್ಗದ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು, ರಸ್ತೆಯವರೆಗೆ ಕೇಳಿಸಿತು.

ಮೊದಲು ಚಪ್ಪಾಳೆ ತಟ್ಟಿದವರು ಅದೇ ಅತಿಥಿ. ರಂಗ ಹತ್ತಿ, "ಪಾಪದ ಮಗು" ಎಂದು ತಲೆ ಸವರಿ ಫೋಟೊ ತೆಗೆಸಿಕೊಂಡರು. ಹೆಡ್‌ಮಾಸ್ಟರು ಇದೆಲ್ಲ ತಮ್ಮ ಸೇವೆಯೆಂದು ಭಾಷಣ ಬಿಗಿದರು. ಆ ಎರಡು ಮುಖ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಮೊನ್ನೆ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಲಲಿತಳಂಥ ಮಕ್ಕಳಿಗೆ ಚಿಟ್ಟೆಯ ರೆಕ್ಕೆ ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಮಾತೆಲ್ಲ ಸ್ಪೀಕರಿನಿಂದ, ಮಕ್ಕಳದು ತುಟಿಯಾಟ.

"ಹಿಂಗ್ ಮಾಡಿದ್ರೆ ಮಕ್ಳಿಂದ ತಪ್ಪಾಗಲ್ಲ ಸಾರ್," ಎಂದರು ಟೀಚರು.

ಅಸಹ್ಯವಾಯಿತು. ನಮ್ಮ ಕಾಲದಲ್ಲೂ ಹಲ್ಲು ಕಿರಿಯುವ ಅತಿಥಿಗಳಿದ್ದರು. ಆದರೆ ಲಲಿತಳಿಗೆ ತಪ್ಪಾಗಿಯಾದರೂ ಹೇಳಲು ತನ್ನದೇ ಒಂದು ಮಾತಿತ್ತು, ಅದು ಬರುವವರೆಗೆ ಬೆಂಚು ಬಡಿಯುವವರಿದ್ದರು.

ಅಂದು ನಾಟಕ ಮುಗಿದು ಮನೆಗೆ ಬಂದೊಡನೆ ಅಮ್ಮ ಲಲಿತಳ ಮುಖದ ಬಣ್ಣ ತೊಳೆದಳು. ನಾನು ಈಟಿಯನ್ನು ಅಟ್ಟಕ್ಕೇರಿಸಿದೆ. ಅಪ್ಪ ಬಾಕಿಯಿದ್ದ ಸೆರಗನ್ನು ನೇಯ್ದು ಮುಗಿಸಿ ಮಗ್ಗ ನಿಲ್ಲಿಸಿದರು. ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಆಗ ಲಲಿತ, ಯಾರೂ ಏನನ್ನೂ ಬಡಿಯದೆ, ಆ ಮಾತನ್ನು ಇನ್ನೊಮ್ಮೆ ಪೂರ್ತಿಯಾಗಿ ಕೂಗಿ, ಹೋಗಿ ಮಲಗಿದಳು.