ಕುರಿಯ ಕತ್ತರಿಗೆ ಸಿಕ್ಕ ಜರ್ಮನಿಯ ನಾಯಿ

ಪರಶುರಾಂಪುರದ ಆಚೆ, ಶೇಂಗಾ ಕಿತ್ತು ಬರಿದಾದ ಹೊಲದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಿನ್ನೆ ಕುಂಟೆಯ ನೀರಲ್ಲಿ ಮೈ ತೊಳೆಸಿಕೊಂಡ ಕುರಿಗಳು ಮುಳ್ಳುಬೇಲಿಯೊಳಗೆ ಒತ್ತೊತ್ತಾಗಿ ನಿಂತಿವೆ. ಏಕಾಂತಪ್ಪ ಒಂದರ ಕಾಲು ಹಿಡಿದು ಎಳೆದು, ಮಗ್ಗುಲಿಗೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟುತ್ತಾರೆ. ಕುರಿ ಒಂದು ಸಲ ಅರಚಿ ಸುಮ್ಮನಾಗುತ್ತದೆ. ಹೊಟ್ಟೆಯ ಕಡೆಯಿಂದ ಹೊಕ್ಕ ಕತ್ತರಿ ಕಚಕಚ ಎನ್ನುತ್ತ ಬೆನ್ನಿನತ್ತ ಸಾಗುತ್ತದೆ. ಉಣ್ಣೆಯ ತುಪ್ಪಟ ಎಲ್ಲೂ ಹರಿಯದೆ ಗೋಣಿಚೀಲದ ಮೇಲೆ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ.

ಅರವತ್ತರ ಹತ್ತಿರದ ಈ ಮನುಷ್ಯನಿಗೆ ಕುರಿ ಬೋಳಿಸುವುದು ಅಪ್ಪನಿಂದ ಬಂದ ಕಸುಬು. ಮೊದಲು ದಿನಕ್ಕೆ ನಲವತ್ತು ಕುರಿ ಬೋಳಿಸಿದರೂ ಸುಸ್ತು ಗೊತ್ತಾಗುತ್ತಿರಲಿಲ್ಲವಂತೆ. ಈಗ ಇಪ್ಪತ್ತೈದಕ್ಕೇ ಸೊಂಟ ಹಿಡಿಯುತ್ತದೆ, ಹೆಬ್ಬೆರಳು ಮಡಚುವುದಿಲ್ಲ. ಕಂಬಳಿಗೆ ಮೊದಲಿನ ಗಿರಾಕಿ ಇಲ್ಲ. ಎಷ್ಟೋ ಕಡೆ ಬೋಳಿಸಿದ ತುಪ್ಪಟವನ್ನು ಬೇಲಿಯ ಪಕ್ಕ ಸುರಿದು ಹೋಗುತ್ತಾರೆ. ಆದರೂ ಕುರಿಯವರು ಇವರನ್ನೇ ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಇವರ ಕೈಯಲ್ಲಿ ಕುರಿಗೆ ಗೀರು ಗಾಯ ಆಗುವುದಿಲ್ಲ. "ತುಪ್ಪಟ ತೆಗೆದ್ರೆ ಕುರಿ ಹಗುರಾಗ್ತೈತೆ, ಮೇವು ಮುಟ್ತೈತೆ. ಮತ್ತೆ ಆರು ತಿಂಗ್ಳಿಗೆ ಮೈ ತುಂಬಾ ಬೆಳೀತೈತೆ. ಇಷ್ಟೇ ನನ್ನ ವಿದ್ಯೆ" ಎನ್ನುತ್ತಾರೆ.

ಆ ವಿದ್ಯೆಯೇ ಹೋದ ಬೇಸಿಗೆಯಲ್ಲಿ ಅವರಿಗೆ ಕೈಕೊಟ್ಟಿದೆ. ಅಂದಿನಿಂದ ವಾರಕ್ಕೊಂದು ಸಲ ಕತ್ತರಿ ಕೆಳಗಿಟ್ಟು, ಕೈಕಾಲು ತೊಳೆದು, ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಮೊಳಕಾಲ್ಮೂರಿಗೆ ಹೋಗುತ್ತಾರೆ. ಯಾರೂ ಕರೆದಿಲ್ಲ, ಕೂಲಿಯೂ ಇಲ್ಲ. ಒಂದು ನಾಯಿಯನ್ನು ನೋಡಲು ಹೋಗುತ್ತಾರೆ. ಹೆಂಡತಿ ಚಿನ್ನಕ್ಕನಿಗೆ ಇದು ದೊಡ್ಡ ತಮಾಷೆ. "ಮಗಳ ಮನೆಗೆ ಹೋಗು ಅಂದ್ರೆ ಬಸ್ ಇಲ್ಲ ಅಂತೀಯ. ನಾಯಿ ಮನೆಗೆ ಅದ್ಹೆಂಗೆ ಸಿಗ್ತೈತೋ ಬಸ್ಸು" ಎಂದು ಬುತ್ತಿ ಕಟ್ಟಿಕೊಡುತ್ತಾಳೆ.

ನಾಯಿಯ ಹೆಸರು ಲೀನಾ. ಯುರೇಸಿಯರ್ ಎಂಬ ತಳಿ. ಜರ್ಮನಿಯಲ್ಲಿ ಮೂರು ಜಾತಿಯ ನಾಯಿಗಳನ್ನು ಕೂಡಿಸಿ, ಬೇಟೆಗೂ ಅಲ್ಲದೆ ಕಾವಲಿಗೂ ಅಲ್ಲದೆ, ಮನೆಮಂದಿಯ ಜೊತೆಗಿರಲೆಂದೇ ಬೆಳೆಸಿದ್ದು. ಉಳ್ಳಾರ್ತಿ ಕಾವಲ್ ಕಡೆ ಕೆಲಸದಲ್ಲಿದ್ದ ಅಧಿಕಾರಿಯೊಬ್ಬರು ವರ್ಗವಾಗಿ ಹೊರಟಾಗ, ತಾವು ಸೀರೆ ಕೊಳ್ಳುತ್ತಿದ್ದ ಕಾಂಚನಾಳ ಮನೆಗೆ ಇದನ್ನು ಬಿಟ್ಟು ಹೋದರು. ಕಾಂಚನಾ ರೇಷ್ಮೆ ನೇಯುವವಳು. ಅವಳ ಅತ್ತೆ ಲಕ್ಷ್ಮಕ್ಕನೂ ನೇಯುತ್ತಾರೆ. ಹಗಲಿಡೀ ಇಬ್ಬರೂ ಮಗ್ಗದ ಕೋಣೆಯಲ್ಲಿ. ಲೀನಾ ಕಾಂಚನಾಳ ಕಾಲ ಬುಡದಲ್ಲಿ.

ವಿಚಿತ್ರ ಸ್ವಭಾವದ್ದು ಈ ಲೀನಾ. ಬೊಗಳುವುದು ಅಪರೂಪ. ಹೊಸಬರು ಬಂದರೆ ಹಲ್ಲು ತೋರಿಸುವುದಿಲ್ಲ, ಬಾಲ ಅಲ್ಲಾಡಿಸುವುದೂ ಇಲ್ಲ. ಎದ್ದು ಹೋಗಿ ಮೂಲೆಯಿಂದ ನೋಡುತ್ತದೆ. ಯಾರಾದರೂ ಗದರಿಸಿದರೆ ಅವತ್ತೆಲ್ಲ ಮುಖ ತೋರಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಂಟಿಯಾಗಿ ಬಿಟ್ಟರೆ ತಡೆದುಕೊಳ್ಳುವುದಿಲ್ಲ.

ತೊಡಕು ಬಂದದ್ದು ಕೂದಲಿನಿಂದ. ವರ್ಷಕ್ಕೆರಡು ಸಲ ಅದರ ಮೈಯಿಂದ ಮೆತ್ತನೆಯ ನವಿರು ಹಿಡಿಹಿಡಿಯಾಗಿ ಉದುರುತ್ತದೆ. ಉದುರಿದ್ದು ಹಾರಿ ಹಾರಿ ಮಗ್ಗದ ಮೇಲಿನ ರೇಷ್ಮೆಗೆ ಅಂಟುತ್ತದೆ. "ಅಯ್ಯೋ ರಾಮ, ಮದುವೆ ಸೀರೇಲಿ ನಾಯಿ ಕೂದ್ಲು ಸಿಕ್ರೆ ನಮ್ಮ ಗತಿ ಏಮಿ?" ಎಂದು ಮನೆಮಾತು ತೆಲುಗಿನ ಲಕ್ಷ್ಮಕ್ಕ ರೇಗಿದರು. ನಾಯಿಯನ್ನು ಹಿತ್ತಲಿಗೆ ಕಟ್ಟಿದರು. ಅದು ಅನ್ನ ಬಿಟ್ಟಿತು. ಒಳಗೆ ಬಿಟ್ಟರೆ ಸೀರೆ ಹಾಳು, ಹೊರಗೆ ಕಟ್ಟಿದರೆ ನಾಯಿ ಹಾಳು. ಮೇಲೆ ಯುಗಾದಿಯ ಬಿಸಿಲು ಬೇರೆ. ತುಪ್ಪಟ ಇದ್ದ ಮೇಲೆ ತುಪ್ಪಟ ತೆಗೆಯುವವರು ಇದ್ದೇ ಇದ್ದಾರಲ್ಲ ಎಂದು ಏಕಾಂತಪ್ಪನಿಗೆ ಹೇಳಿ ಕಳಿಸಿದರು.

ಏಕಾಂತಪ್ಪ ಕುರಿಗೆ ಮಾಡಿದಂತೆಯೇ ಮಾಡಿದರು. ತೊಳೆಸಿದರು, ಒಣಗಿಸಿದರು, ಕಾಂಚನಾ ನಾಯಿಯ ತಲೆ ಹಿಡಿದುಕೊಂಡಳು, ಚರ್ಮಕ್ಕೆ ಒತ್ತಿ ಪೂರ್ತಿ ಬೋಳಿಸಿದರು. ಒಂದು ಗೀರೂ ಬೀಳಲಿಲ್ಲ. ಲಕ್ಷ್ಮಕ್ಕ ಹೊಗಳಿ ಕಾಫಿ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ನಾಯಿಯ ಬೆನ್ನು ಕೆಂಪಾಗಿ ಸಿಪ್ಪೆ ಏಳತೊಡಗಿತು. ಅದು ಕಾಳಿನ ಡಬ್ಬಗಳ ಹಿಂದೆ ಹೋಗಿ ಕೂತಿತು. ಕಾಂಚನಾ ಕರೆದರೂ ಬರಲಿಲ್ಲ. "ತಲೆ ಹಿಡ್ಕಂಡಿದ್ದು ನಾನೇ ಅಲ್ವಾ" ಎಂದು ಅವಳು ಅತ್ತಳು.

ಚಳ್ಳಕೆರೆಯ ಪಶುವೈದ್ಯೆ ಮುಸ್ಕಾನ್ ಬಂದು ನೋಡಿದರು. ಏಕಾಂತಪ್ಪನನ್ನೂ ಕರೆಸಿ ಕೂರಿಸಿಕೊಂಡು ಹೇಳಿದರು: "ಇದಕ್ಕೆ ಎರಡು ಪದರ ಐತೆ, ಏಕಾಂತಪ್ಪನೋರೆ. ಒಳಗಿಂದು ಮೆತ್ತಗೆ, ಉದುರಿ ಮತ್ತೆ ಬರ್ತದೆ. ಮೇಲಿನ ಉದ್ದ ಕೂದ್ಲು ಛತ್ರಿ ಇದ್ದಂಗೆ, ಬಿಸಿಲು ತಡೀತದೆ. ನೀವು ಎರಡೂ ತೆಗೆದ್ರಿ. ಬಾಚಿದ್ರೆ ಸಾಕಿತ್ತು." ಉದ್ದ ಕೂದಲು ಯಾವಾಗ ಬರುತ್ತದೆ ಎಂದು ಇವರು ಕೇಳಿದರು. "ಬರಬಹುದು. ಪೂರ್ತಿ ಬರದೇನೂ ಇರಬಹುದು."

ಏಕಾಂತಪ್ಪನಿಗೆ ಆ ಮಾತು ಇನ್ನೂ ಅರ್ಥವಾಗಿಲ್ಲ. "ಕತ್ತರಿಸಿದ್ದು ಬರದೇ ಇರೋದು ಹೆಂಗೆ? ನಾನು ಹುಟ್ಟಿದಾಗಿಂದ ಕೇಳಿಲ್ಲ. ಕುರಿಗೆ ಹಗುರ ಆಗಿದ್ದು ಇದಕ್ಕೆ ಯಾಕೆ ಸಂಕಟ ಆಯ್ತು? ಕೈ ನಂದೇ, ಕತ್ತರಿ ನಂದೇ" ಎಂದು ತಲೆ ಕೆರೆದುಕೊಳ್ಳುತ್ತಾರೆ. ಬೇಜಾರು ಬೇರೆ, ದಿಕ್ಕು ತಪ್ಪಿದಂತಾಗುವುದು ಬೇರೆ. ಇವರಿಗೆ ಎರಡೂ ಆಗಿದೆ.

ಇನ್ನೂ ದೊಡ್ಡ ಗೊಂದಲ ಮುಂದಿನ ವಾರ ಕಾದಿತ್ತು. ತಪ್ಪು ಒಪ್ಪಿಕೊಳ್ಳಲು ಹೋದವರು ಮಗ್ಗದ ಕೋಣೆಯ ಗೋಡೆಗೊರಗಿ ಕೂತುಬಿಟ್ಟರು. ಯಾರ ಹತ್ತಿರವೂ ಬಾರದ ಲೀನಾ ಡಬ್ಬಗಳ ಹಿಂದಿನಿಂದ ಎದ್ದು ಬಂದು ಇವರ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಬೋಳಿಸಿದವರ ಹತ್ತಿರವೇ ಬಂತಲ್ಲ! "ನಿನ್ನ ಮೈಯಲ್ಲಿ ಕುರಿ ನಾತ ಐತೆ, ಅದಕ್ಕೆ" ಎಂಬುದು ಚಿನ್ನಕ್ಕನ ವಾದ. ಮುಸ್ಕಾನ್ ಮಾತ್ರ, "ನೀವು ಕರೀಲಿಲ್ಲ, ಸುಮ್ನೆ ಕೂತ್ರಿ. ಅದಕ್ಕಿರಬಹುದು. ನಂಗೂ ಸರಿಯಾಗಿ ಗೊತ್ತಿಲ್ಲ" ಎಂದರು. ಕಾಂಚನಾಳೂ ಕರೆಯುವುದನ್ನು ಬಿಟ್ಟು ಸುಮ್ಮನೆ ಪಕ್ಕ ಕೂರತೊಡಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಮತ್ತೆ ಅವಳ ಕಾಲ ಬುಡಕ್ಕೆ ಬಂತು.

ಈಗ ಶಿವರಾತ್ರಿ ಹತ್ತಿರವಿದೆ. ಬೆನ್ನು ಬರಿದಾಗಿಯೇ ಇದ್ದರೆ ಈ ಬಿಸಿಲಿನಲ್ಲಿ ನಾಯಿ ಉಳಿಯುವುದಿಲ್ಲ, ಯಾವುದಾದರೂ ತಂಪು ಊರಿನವರಿಗೆ ಕೊಟ್ಟುಬಿಡೋಣ ಎಂದು ಲಕ್ಷ್ಮಕ್ಕ ಹೇಳಿಯಾಗಿದೆ. ಒಂದು ಸಲ ಮನೆ ಬದಲಿಸಿದ ನಾಯಿ, ಎರಡನೇ ಸಲ ತಾಳಲಾರದು ಎನ್ನುತ್ತಾರೆ ಮುಸ್ಕಾನ್. ಇವತ್ತು ತೀರ್ಮಾನ ಆಗಬೇಕು.

ಬಸ್ಸಿಳಿದು ಬಂದ ಏಕಾಂತಪ್ಪ ಮಗ್ಗದ ಕೋಣೆಯ ಕಿಟಕಿಯ ಬೆಳಕಿಗೆ ನಾಯಿಯನ್ನು ಎಳೆದುಕೊಂಡು ಕೂದಲು ಬಿಡಿಸಿ ನೋಡುತ್ತಾರೆ. ಭುಜದ ಮೇಲೆ ಒರಟು ಕೂದಲು ಬಂದಿದೆ, ಪಕ್ಕೆಯ ಮೇಲೂ ಬಂದಿದೆ. ನಡುಬೆನ್ನಿನಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗದಲ್ಲಿ ಬರೀ ನವಿರು. ಮತ್ತೆ ಮತ್ತೆ ಬೆರಳಾಡಿಸುತ್ತಾರೆ. ಲಾಳಿಯ ಸದ್ದು ನಿಂತಿದೆ.

"ಏನಂತೀರಿ?" ಎಂದು ಕೇಳುತ್ತಾಳೆ ಕಾಂಚನಾ.

"ಬರ್ತೈತೋ ಇಲ್ವೋ ನಂಗೆ ಹೇಳಾಕೆ ಬರಲ್ಲಮ್ಮ. ಬರ್ತೈತೆ ಅಂತ ಸುಳ್ಳು ಹೇಳಲ್ಲ" ಎನ್ನುತ್ತಾರೆ. ಬೆನ್ನ ಮೇಲಿನ ಕೈ ತೆಗೆಯದೆ, "ಆದ್ರೂ ಕಳಿಸಬ್ಯಾಡ್ರಿ" ಎನ್ನುತ್ತಾರೆ. ಕತ್ತರಿ ಹಿಡಿದು ಬಾಳಿದ ಮನುಷ್ಯ ಯಾರನ್ನೂ ಏನನ್ನೂ ಬೇಡಿದವರಲ್ಲ.

ಲಕ್ಷ್ಮಕ್ಕ ಮಗ್ಗದಿಂದೆದ್ದು ಬಂದು ತಾವೇ ಬೆನ್ನು ಮುಟ್ಟಿ ನೋಡುತ್ತಾರೆ. "ಇಷ್ಟಗಲಕ್ಕೆ ಹತ್ತಿ ಬಟ್ಟೆ ಹೊಲಿದು ಹಾಕಿದ್ರಾಯ್ತು. ಬೆಳಿಗ್ಗೆ ಸಾಯಂಕಾಲ ಬಿಟ್ಟು ಹೊರಗೆ ಬಿಡೋದು ಬ್ಯಾಡ. ಇಲ್ಲಿ ನೆಲ ತಂಪೈತೆ. ಆದ್ರೆ ಉದುರೋ ಕಾಲ ಬಂತು, ನನ್ನ ರೇಷ್ಮೆ ಏನಾಗ್ಬೇಕು?"

"ಉದುರಾಕೆ ಮುಂಚೆ ನಾನೇ ಬಾಚಿ ತೆಗೀತೀನಿ. ಬಾಚಣಿಗೇಲಿ, ಹಿತ್ತಲಾಗೆ" ಎನ್ನುತ್ತಾರೆ ಏಕಾಂತಪ್ಪ.

ಲಕ್ಷ್ಮಕ್ಕ ನಾಯಿಯ ಕಡೆ ಬಗ್ಗಿ "ರಾ ತಲ್ಲಿ, ಬಾರಮ್ಮ, ಅಳತೆ ತಗಾಬೇಕು" ಎಂದು ತಮ್ಮ ಸೆರಗಿನ ತುದಿಯನ್ನೇ ಅದರ ಬೆನ್ನಿಗೆ ಹಿಡಿಯುತ್ತಾರೆ. ಕಾಂಚನಾ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ.

ಹೊರಡುವ ಮುನ್ನ, ಇನ್ನೇನು ಆಸೆ ಇದೆ ಎಂದು ಕಾಂಚನಾ ಕೇಳಿದರೆ ಏಕಾಂತಪ್ಪ ನಾಯಿಯ ಕಡೆ ನೋಡುತ್ತಾರೆ. ಲೀನಾ ಅವರ ಕಾಲಿಗೊರಗಿ ಕಣ್ಣು ಮುಚ್ಚಿದೆ.

"ನಾನು ಏನು ಮಾಡ್ದೆ ಅಂತ ಇದಕ್ಕೆ ಗೊತ್ತಿಲ್ದೆ ಬಂದು ಮಲಗ್ತೈತೋ, ಗೊತ್ತಿದ್ದೂ ಮಲಗ್ತೈತೋ, ನಂಗೆ ಅದೊಂದು ತಿಳೀಬೇಕು. ತಿಳಿಯೋ ತನಕ ಬರ್ತೀನಿ."