ಕಾಣದೆ ಹೋದ ಬೂದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿ ಪಳಗಿದ ಕಣ್ಣು. ಕಪ್ಪಿಗೂ ಬಿಳುಪಿಗೂ ನಡುವೆ ಎಷ್ಟು ಬೂದುಗಳಿವೆ ಎಂಬುದನ್ನು ಪುಸ್ತಕ ಓದಿ ತಿಳಿದವಳಲ್ಲ.

ಫಿಲ್ಮು ಹೋಗಿ ಕಂಪ್ಯೂಟರ್ ಬಂತು. ಡಾಕ್ಟರು ವರದಿ ಬರೆಯುವ ಕೋಣೆಗೆ ಕೊಟ್ಟದ್ದು ಮಾತ್ರ ಪತ್ರ ಟೈಪು ಮಾಡುವಂಥ ಮಾಮೂಲಿ ಪರದೆ. ಹೃದಯದ ನೆರಳಿನ ಹಿಂದಿರುವ ಶ್ವಾಸಕೋಶ ಅದರಲ್ಲಿ ಒಂದೇ ಮುದ್ದೆ. ಅವಳು ಖರೀದಿ ಮ್ಯಾನೇಜರನ ಬಳಿ ಹೋದಳು.

"ಸಾರ್, ಇದ್ರಲ್ಲಿ ಬೂದು ಬರೀ ಇನ್ನೂರೈವತ್ತಾರು ಥರ ಕಾಣುತ್ತೆ. ಎಕ್ಸ್‌ರೇ ನೋಡೋ ಪರದೆ ಬೇರೆನೇ ಬರುತ್ತೆ, ಸಾವಿರದ ಮೇಲೆ ತೋರಿಸುತ್ತೆ."

"ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ ಇದೆಯಮ್ಮ ಇದ್ರಲ್ಲಿ! ಮನುಷ್ಯನ ಕಣ್ಣಿಗೆ ಇನ್ನೆಷ್ಟು ಬೇಕು?"

"ಬಣ್ಣ ಎಷ್ಟಿದ್ರೇನು ಸಾರ್, ಎಲುಬಿಗೆ ಬಣ್ಣ ಇಲ್ವಲ್ಲ."

ಆತ ಗುಮಾಸ್ತನ ಕಡೆ ತಿರುಗಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕ. ಅದೇ ತಿಂಗಳು ರೋಗಿಗಳು ಕಾಯುವ ಹಜಾರಕ್ಕೆ ಗೋಡೆಯಗಲದ ಟಿವಿ ಬಂತು. ನೂರು ಕೋಟಿ ಬಣ್ಣದ್ದೆಂದು ಡಬ್ಬದ ಮೇಲೇ ಅಚ್ಚಾಗಿತ್ತು. ದಿನವಿಡೀ ಅದರಲ್ಲಿ ಆಡಳಿತ ಮಂಡಳಿಯವರ ಮುಖಗಳು.

ಆಮೇಲೆ ಅವಳ ತಮ್ಮ ಕೆಮ್ಮುತ್ತ ಬಂದ. ಬಡಗಿ ಅವನು. ಚಿತ್ರ ತೆಗೆದವಳು ಅವಳೇ. ಹೃದಯದ ಹಿಂದೆ ಏನೋ ಮಬ್ಬು, ಇತ್ತೋ ಇಲ್ಲವೋ. ಡಾಕ್ಟರಿಗೆ ಆ ದಿನ ಎಂಬತ್ತು ಚಿತ್ರಗಳ ರಾಶಿ.

"ಸಾರ್, ಇಲ್ಲಿ ಒಂದ್ಸಲ ಕಾಂಟ್ರಾಸ್ಟ್ ಏರಿಸಿ ನೋಡ್ತೀರಾ?"

"ನೋಡಿದೆ ಅಕ್ಕ, ಏನಿಲ್ಲ. ಮರದ ಧೂಳು."

ತೆಗೆಯುವುದು ತನ್ನ ಕೆಲಸ, ಓದುವುದು ಅವರದು ಎಂದುಕೊಂಡು ಮುಂದಿನ ರೋಗಿಯನ್ನು ಕರೆಯಲು ಹೋದಳು.

ಎಂಟು ತಿಂಗಳಿಗೆ ತಮ್ಮ ರಕ್ತ ಕಾರಿದ. ಬೇರೊಂದು ಆಸ್ಪತ್ರೆಯ ಡಾಕ್ಟರಮ್ಮ ಅದೇ ಹಳೆಯ ಚಿತ್ರವನ್ನು ಅಲ್ಲಿನ ಒಳ್ಳೆಯ ಪರದೆಯಲ್ಲಿ ತೆರೆದು ಬೆರಳಿಟ್ಟು ತೋರಿಸಿದರು. ಕಡಲೆಕಾಳಿನಷ್ಟು ಗಂಟು.

"ಇದು ಆಗಲೇ ಇತ್ತಲ್ಲಮ್ಮ."

ಅವಳು ದೂರು ಬರೆದಳು. ವಿಚಾರಣೆಗೆ ಕೂತ ಮೂವರಲ್ಲಿ ಖರೀದಿ ಮ್ಯಾನೇಜರನೂ ಒಬ್ಬ. ಪರದೆಯಲ್ಲಿ ದೋಷವಿಲ್ಲ, ಚಿತ್ರವನ್ನೇ ಮಸುಕಾಗಿ ತೆಗೆಯಲಾಗಿದೆ ಎಂದು ಅವಳಿಗೇ ಮೆಮೊ ಬಂತು.

ಹಾಸಿಗೆ ಹಿಡಿದ ತಮ್ಮನ ಪಕ್ಕ ಕೂತು ಅದನ್ನು ಓದಿದಳು. ಅವನು ನಗಲು ಹೋಗಿ ಕೆಮ್ಮಿದ. "ಸದ್ಯ, ನಂದೇ ತಪ್ಪು ಅನ್ನಲಿಲ್ವಲ್ಲ ಅಕ್ಕ." ಉಸಿರು ಹದಕ್ಕೆ ಬಂದ ಮೇಲೆ ಕೇಳಿದ, "ನಿಂಗೆ ಆವತ್ತು ಕಾಣಿಸಿತ್ತಾ?"

"ಇಲ್ಲ ಕಣೋ," ಎಂದಳು.

ಅವನು ಹೋದ ನಾಲ್ಕು ತಿಂಗಳಿಗೆ ವರದಿ ಕೋಣೆಗೆ ಹೊಸ ಪರದೆ ಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮ್ಯಾನೇಜರ್ ರಿಬ್ಬನ್ ಕತ್ತರಿಸಿದ. ಮಾರನೆಯ ದಿನ ಅವಳು ದಾಖಲೆ ಕೋಣೆಗೆ ವರ್ಗ ಕೇಳಿ ಅರ್ಜಿ ಕೊಟ್ಟಳು. ಮಧ್ಯಾಹ್ನದೊಳಗೆ ಮಂಜೂರಾಯಿತು. ಯಾಕೆಂದು ಒಬ್ಬರೂ ಕೇಳಲಿಲ್ಲ.